ಹಾಸಿಗೆ ಕಟ್ಟಿಕೊಂಡು ಹೋದ ಆಪರೇಷನ್

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿ ಮಾಡುವ ನಮಸ್ಕಾರ. ಬರೆಯಲು ತಡವಾಯಿತು, ಬಯ್ಯಬೇಡ. ರಿಪೋರ್ಟ್ ಕೈಗೆ ಬರುವ ತನಕ ಪೆನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದೆ. ನಿನ್ನೆ ಬಂತು. ಕೆಟ್ಟದ್ದೇನೂ ಇಲ್ಲ. ಇಷ್ಟು ಓದಿ ಒಂದು ಲೋಟ ನೀರು ಕುಡಿ, ಆಮೇಲೆ ಮುಂದಕ್ಕೆ ಓದು. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಪಕ್ಕದಲ್ಲಿ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ.

ಸ್ಕ್ಯಾನಿನಲ್ಲಿ ಗಂಟು ಕಂಡಿದೆ ಎಂದಾಗ ನೀನು, "ಗರ್ಭಕೋಶದಲ್ಲಿ ಗಂಟು ಅಂದ್ರೆ ಪೂರ್ತಿ ತೆಗೆದುಬಿಡ್ತಾರೆ ಕಣೇ, ನಂಗೂ ಹಾಗೇ ಮಾಡಿದ್ರು" ಅಂದೆಯಲ್ಲ, ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ತಡವಾಗಿ ಮದುವೆಯಾದವಳು ನಾನು. ಒಂದು ಮಗು ಬೇಕು ಅನ್ನುವ ಆಸೆಯನ್ನು ಬೇರೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ, ನಿನಗೊಬ್ಬಳಿಗೆ ಗೊತ್ತು. ಗರ್ಭಕೋಶವೇ ಹೋದರೆ ಆ ಮಾತು ಅಲ್ಲಿಗೇ ಮುಗಿಯಿತಲ್ಲ. ಡಾಕ್ಟರು ಕೊಟ್ಟ ದಿನವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿಸಿದ್ದು ಅದೇ ಹೆದರಿಕೆಗೆ.

ಇನ್ನು ನಮ್ಮವರ ಕಥೆ ಕೇಳು. ಮನೆ ಸಾಮಾನು ಸಾಗಿಸುವ ವ್ಯಾನು ಓಡಿಸುವವರಿಗೆ ಆಪರೇಷನ್ ಅಂದರೂ ಮನೆ ಬದಲಾಯಿಸಿದ ಹಾಗೇ. "ಮಾಡಿಸಿಕೊಂಡು ಅವತ್ತೇ ಮನೆಗೆ ಹೋಗಬಹುದು" ಎಂದು ಡಾಕ್ಟರಮ್ಮ ಹೇಳಿದ್ದನ್ನು ತಿಳಿಸಿದರೆ, "ಧೈರ್ಯಕ್ಕೆ ಹಾಗಂತಾರೆ, ನಿಂಗೆ ಗೊತ್ತಾಗಲ್ಲ ಸುಮ್ನಿರು" ಅಂದರು. ಬೆಳಿಗ್ಗೆ ನೋಡುತ್ತೇನೆ, ವ್ಯಾನಿನಲ್ಲಿ ಮಡಚುವ ಮಂಚ, ಸುತ್ತಿ ಹಗ್ಗ ಬಿಗಿದ ಹಾಸಿಗೆ, ಬಕೆಟ್ಟು, ಕುಕ್ಕರ್, ಟೇಬಲ್ ಫ್ಯಾನು. ಫ್ಯಾನಿಗೆ ಕಂಬಳಿ ಸುತ್ತಿ 'ಎಚ್ಚರಿಕೆ' ಎಂಬ ಚೀಟಿ ಬೇರೆ ಅಂಟಿಸಿದ್ದರು. ನನಗೊಂದು ಚೀಟಿ ಅಂಟಿಸಲಿಲ್ಲ, ಅಷ್ಟೇ.

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಕೋಣೆ. ಪ್ರಜ್ಞೆ ತಪ್ಪಿಸಲಿಲ್ಲ. ತೆಳ್ಳಗಿನ ಕೊಳವೆ, ಅದರ ತುದಿಗೆ ಕ್ಯಾಮೆರಾ. ಪಕ್ಕದ ಟೀವಿಯಲ್ಲಿ ನನ್ನ ಹೊಟ್ಟೆಯೊಳಗಿನದು ನನಗೇ ಕಾಣುತ್ತಿತ್ತು. ಗುಲಾಬಿ ಬಣ್ಣದ ಪುಟ್ಟ ಕೋಣೆ, ಗೋಡೆಗೆ ಅಂಟಿಕೊಂಡ ಎರಡು ಮೆತ್ತಗಿನ ಗಂಟು. "ಇವೇ ನೋಡಿ ಪಾಲಿಪ್" ಅಂದರು ಡಾಕ್ಟರಮ್ಮ. "ಬಾಡಿಗೆ ಕೊಡದೆ ಕೂತಿದ್ದಾರೆ, ಖಾಲಿ ಮಾಡಿಸಿ ಮೇಡಂ" ಅಂದೆ. ನನ್ನ ಕೈ ಹಿಡಿದಿದ್ದ ನರ್ಸ್ ಕಿಸಕ್ಕನೆ ನಕ್ಕಳು, ನನಗೂ ನಗು ಬಂತು. "ನಗಬೇಡಿ, ಹೊಟ್ಟೆ ಅಲ್ಲಾಡುತ್ತೆ" ಎಂದು ಡಾಕ್ಟರಮ್ಮ ನನ್ನನ್ನು ಗದರಿದರು.

ನೋವೇ ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ತಿಂಗಳ ನೋವು ಜೋರಾಗಿ ಬಂದ ಹಾಗೆ ಕಿಬ್ಬೊಟ್ಟೆ ಹಿಂಡಿತು. ಆದರೆ ನಾನು ಹಲ್ಲು ಕಚ್ಚಿಕೊಂಡು ಉಸಿರು ಬಿಡುವಷ್ಟರಲ್ಲಿ ಎರಡನ್ನೂ ಬುಡದಲ್ಲಿ ಕತ್ತರಿಸಿ, ಪರೀಕ್ಷೆಗೆ ಕಳಿಸಲು ಶೀಶೆಗೆ ಹಾಕಿಯೂ ಆಗಿತ್ತು. "ಗರ್ಭಕೋಶ?" ಎಂದು ಕೇಳಿದೆ. "ಇದ್ದಲ್ಲೇ ಇದೆಯಮ್ಮ, ಅದಕ್ಕೇನಾಗಿದೆ" ಅಂದರು. ಸಂತೋಷಕ್ಕೆ ಅಲ್ಲೇ ಮಲಗಿಕೊಂಡು ಅತ್ತುಬಿಟ್ಟೆ.

ಸ್ವಲ್ಪ ಹೊತ್ತು ಕೂತು, ಚಹಾ ಕುಡಿದು ಕೆಳಗಿಳಿದರೆ, ಮೆಟ್ಟಿಲ ತಿರುವಿನಲ್ಲಿ ನಮ್ಮ ಮಂಚ ಸಿಕ್ಕಿಕೊಂಡಿದೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅದರ ಆಚೆ ಬೆವರು ಸುರಿಸುತ್ತಾ ನಮ್ಮವರು.

"ಯಾಕೆ ಎದ್ದು ಬಂದೆ? ಇನ್ನೂ ಕರೀಲಿಲ್ವಾ?"

"ಎಲ್ಲಾ ಆಯ್ತು. ಮನೆಗೆ ಹೋಗೋಣ ನಡೀರಿ."

ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕಾವಲುಗಾರ ಬೇರೆ, "ಎಷ್ಟನೇ ಮಹಡಿಗೆ ಮನೆ ಮಾಡಿದ್ದೀರಿ ಸ್ವಾಮಿ?" ಎಂದು ಕೇಳಿದ. ದಿನಾ ಬೀರು, ಸೋಫಾ ಇಳಿಸುವ ಮನುಷ್ಯನಿಗೆ ಅವತ್ತು ಮಂಚ ಓರೆ ಮಾಡುವುದನ್ನು ನಾನು ಹೇಳಿಕೊಡಬೇಕಾಯಿತು. ವ್ಯಾನಿನಲ್ಲಿ ಕೂತ ಮೇಲೆ ಗಾಡಿ ಶುರು ಮಾಡದೆ ಟವೆಲಿನಿಂದ ಬೆವರು ಒರೆಸಿಕೊಂಡರು. "ಎಷ್ಟು ದಿನ ಇಟ್ಕೋತಾರೋ, ನಾನೂ ಅಲ್ಲೇ ಇರೋಣ ಅಂತ ಕಟ್ಟಿದೆ ಕಣೇ" ಅಂದರು. ದಾರಿಯುದ್ದಕ್ಕೂ ರೇಗಿಸಬೇಕು ಅಂದುಕೊಂಡಿದ್ದೆ, ಮನಸ್ಸು ಬರಲಿಲ್ಲ.

ಮಗು ಆಗೇ ಆಗುತ್ತದೆ ಎಂದು ಡಾಕ್ಟರಮ್ಮ ಮಾತು ಕೊಟ್ಟಿಲ್ಲ. ಆಗುವುದಿಲ್ಲ ಎಂದೂ ಹೇಳಿಲ್ಲ. ಸದ್ಯಕ್ಕೆ ನನಗೆ ಅಷ್ಟು ಸಾಕು. ಭಾವನಿಗೆ ನನ್ನ ನಮಸ್ಕಾರ ಹೇಳು. ಚಿಕ್ಕವರು ದೊಡ್ಡವರನ್ನು ಹರಸಬಾರದಂತೆ, ಆದರೂ ನೀನು ಚೆನ್ನಾಗಿರಬೇಕು ಎಂದು ಹರಸಿದ್ದೇನೆ, ತೆಗೆದುಕೋ.

ಇತಿ ನಿನ್ನ,
ಪುಟ್ಟಿ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ತುಂಬ ಹೊತ್ತು ಕೂತಿದ್ದೆ. ರಿಪೋರ್ಟ್ ತರಲು ಹೋದಾಗ ನಿನ್ನ ವಿಷಯ ಕೇಳಿದೆ ಅಕ್ಕ. "ಅವರ ಕಾಗದಪತ್ರ ನೋಡದೆ ಹೇಳೋಕಾಗಲ್ಲ. ಇಂಥದೇ ಗಂಟಾಗಿದ್ರೆ ಅಷ್ಟನ್ನೇ ತೆಗೀಬಹುದಿತ್ತೇನೋ" ಅಂದರು ಡಾಕ್ಟರಮ್ಮ. ನಿನಗೆ ಆಗ ಈಗಿನ ನನಗಿಂತಲೂ ಚಿಕ್ಕ ವಯಸ್ಸು. ಅಮ್ಮ ಹೋದ ವರ್ಷ ಅದು. ಆಸ್ಪತ್ರೆಯಿಂದ ಬಂದ ನೀನು ನನ್ನನ್ನು ಕೂರಿಸಿಕೊಂಡು ತಲೆ ಬಾಚುತ್ತಾ, "ಇನ್ಮೇಲೆ ನೀನೇ ನನ್ನ ಮಗಳು" ಅಂದಿದ್ದೆ. ಯಾಕೆ ಹಾಗಂದೆ ಎಂದು ಆಗ ನನಗೆ ತಿಳಿಯಲಿಲ್ಲ. ಖುಷಿಗೆ ನಾನು ಮನೆಯೆಲ್ಲ ಕುಣಿದಾಡಿದ್ದೆ.