ಸೆನೆಟರ್ ಸದಾಶಿವರ ಅಧ್ಯಾಯ

೫ ಜುಲೈ ೨೦೨೧, ನಿಲಾಯ್, ಮಲೇಷ್ಯಾ

ಇವತ್ತೂ ಬರೆದದ್ದು ಒಂದೇ ಪುಟ. ಲಾಕ್‌ಡೌನ್ ಅಂತ ಹಾಸ್ಟೆಲ್ ಗೇಟಿಗೆ ಬೀಗ, ತಲೆಗೂ ಬೀಗ. ಈ ರಾಜ್ಯದ ಹಳೆಯ ಸೆನೆಟರುಗಳ ಮೇಲೆ ಥೀಸಿಸ್ ಬರೆಯುವ ಮೈಸೂರಿನವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಯಾರು ರಸ್ತೆ ತಂದರು, ಯಾರು ಶಾಲೆ ಕಟ್ಟಿಸಿದರು, ಯಾರು ಮೇಲ್ಮನೆಯಲ್ಲಿ ಗೊರಕೆ ಹೊಡೆದರು...

ಸಂಜೆ ಸದಾಶಿವ ಅಂಕಲ್ ಫೋನ್. ನನ್ನ ಥೀಸಿಸ್‌ನಲ್ಲಿ ಇನ್ನೂ ಬದುಕಿರುವ ಸೆನೆಟರ್ ಅವರೊಬ್ಬರೇ. ಅವರ ಅಮ್ಮ ಹೊಸೂರಿನ ಕಡೆಯವರಂತೆ, ಅದಕ್ಕೇ ಈ ಮುರುಕು ಕನ್ನಡ, ನಡುವೆ ಮಲಯ್; ಊಟಕ್ಕೆ 'ಮಕಾನ್', ಮಾತಿನ ಕೊನೆಗೊಂದು 'ಲಾ'.

"ನನ್ ಚಾಪ್ಟರ್ ಬಂತಾ ಇಲ್ವಾ ಲಾ? ಮಕಾನ್ ಆಯ್ತಾ? ಖಾಲಿ ಹೊಟ್ಟೇಲಿ ಬರೀಬೇಡ."

೯ ಜುಲೈ

ಅವರ ಅಧ್ಯಾಯ ಶುರು. ನರ್ಸಿಂಗ್ ಶಾಲೆ ಬಂದದ್ದು ಅವರ ಹಟದಿಂದ — ಬರೆಯುವಾಗ ನನಗೇ ಹೆಮ್ಮೆ. ಆಮೇಲೆ ಎಸ್ಟೇಟ್ ಜಮೀನಿನ ಮಸೂದೆ. ಅದು ಪಾಸಾಗಿ ರಬ್ಬರ್ ತೋಟದ ಕೂಲಿಗಳ ಲೈನ್ ಮನೆಗಳು ನೆಲಸಮವಾದವು. ಅಂಥದೇ ಲೈನ್ ಮನೆಯಲ್ಲಿ ಹುಟ್ಟಿದವರು ಇವರು. ಇವರ ವೋಟೂ ಮಸೂದೆಯ ಪರ.

ಕೈ ಓಡಲಿಲ್ಲ. ಮುದುಕರಿಗೆ ನೋವಾಗುವುದು ಬೇಡ ಅಂತ ಬರೆದೆ: "ಕೆಲವು ಸದಸ್ಯರು ಬೆಂಬಲಿಸಿದರು." ನನ್ನ ಮೇಲೆ ನನಗೇ ಸಿಟ್ಟು. ಆದರೂ ಹಾಗೇ ಬಿಟ್ಟೆ.

೨೪ ಜುಲೈ

ಅಂಕಲ್‌ಗೆ ಕೋವಿಡ್ ಪಾಸಿಟಿವ್. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ್ದಾರೆ. ಅವರ ಮಕ್ಕಳನ್ನೂ ಒಳಗೆ ಬಿಡುತ್ತಿಲ್ಲ. ವಾಯ್ಸ್ ಮೆಸೇಜ್ ಬಂತು: "ನಾಳೆ ಓದು ಮಗು. ಕೇಳ್ಬೇಕು."

ರೂಮಿನಲ್ಲಿ ಅತ್ತಿಂದಿತ್ತ ಓಡಾಡಿದ್ದೇ ಆಯಿತು. ಎಲ್ಲವನ್ನೂ ಓದಲೇ?

೨೫ ಜುಲೈ, ಬೆಳಗ್ಗೆ

ಫೋನಿನಲ್ಲಿ ಓದಿದೆ. ನರ್ಸಿಂಗ್ ಶಾಲೆ ಬಂದಾಗ ನಕ್ಕರು, ನಗು ಕೆಮ್ಮಾಯಿತು. ಮಸೂದೆಯ ಪ್ಯಾರಾ ಹಾರಿಸಿದೆ.

"ಎಸ್ಟೇಟ್ ಬಿಲ್ ಎಲ್ಲಿ?"

ಓದಿದೆ.

"ಕೆಲವು ಸದಸ್ಯರು ಅಂದ್ರೆ ಯಾರಮ್ಮ? ನಾನ್ ಕೈ ಎತ್ತಿದೆ. ಪಾರ್ಟಿ ಹೇಳ್ತು, ಎತ್ತಿದೆ. ಆ ಲೈನ್‌ನಲ್ಲಿ ನಮ್ಮಕ್ಕ ಇದ್ಲು. ಸಾಯೋವರ್ಗೂ ನನ್ ಹತ್ರ ಮಾತಾಡ್ಲಿಲ್ಲ. ನನ್ ಹೆಸ್ರು ಹಾಕು. ಹಾಕಿ ಓದು... ಕೇಳ್ತೀನಿ."

ಫೋನ್ ಇಟ್ಟು ಅತ್ತೆ. ನನ್ನ ದಾಕ್ಷಿಣ್ಯ ಅವರಿಗೆ ಬೇಕಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ಹಾಕಿದೆ. "ಸೆನೆಟರ್ ಸದಾಶಿವ ಮಸೂದೆಯ ಪರ ಮತ ಹಾಕಿದರು." ಒಂದು ವಾಕ್ಯಕ್ಕೆ ಇಷ್ಟು ಹೊತ್ತು!

ಡಯಲ್ ಮಾಡಿ ಸ್ಪೀಕರ್‌ಗೆ ಹಾಕಿದ್ದೇನೆ. ರಿಂಗ್ ಆಗುತ್ತಲೇ ಇದೆ... ಸುಮ್ಮನೆ ಕೂರಲಾಗದೆ ಇದನ್ನು ಗೀಚುತ್ತಿದ್ದೇನೆ. ಎತ್ತಿದರು. ಹೆಂಗಸಿನ ದನಿ. ನರ್ಸ್.

"ಮಿಸ್, ಯು ಫ್ಯಾಮಿಲಿ, ಆ?"

ಅಲ್ಲ, ನಾನು ಅವರ ಅಧ್ಯಾಯ ಬರೆಯುವವಳು, ಅಂದೆ. "ಸಾರಿ ಮಿಸ್, ಅಂಕಲ್ ನೋ ಮೋರ್."