ಎಡದಿಂದ ಓಡಿ ಬಂದವಳು ಅಸ್ಥಿರಳೇ?

ಹೌದು, ಆ ಮೆಸೇಜ್ ಹಾಕಿದ್ದು ನಾನೇ. ಆದರೆ ಅದನ್ನೇ ಸಾಕ್ಷಿ ಮಾಡಿಕೊಂಡು ನಮ್ಮ ಚಿಗರೆಯಕ್ಕನನ್ನು ಈ ಸಲದ ಕ್ರೀಡಾಕೂಟದ ಎತ್ತರ ಜಿಗಿತದ ಪಟ್ಟಿಯಿಂದ ತೆಗೆದವರು ನೀವು, ಆಯ್ಕೆ ಸಮಿತಿಯ ಅಧ್ಯಕ್ಷರೇ. "ಪ್ರದರ್ಶನದಲ್ಲಿ ಸ್ಥಿರತೆ ಇಲ್ಲ; ಅಭಿಮಾನಿಗಳಲ್ಲೇ ಅಸಮಾಧಾನವಿದೆ" ಎಂದು ಬರೆದು, ಕೆಳಗೆ ನನ್ನ ಮೆಸೇಜಿನ ಸ್ಕ್ರೀನ್‌ಶಾಟ್ ಅಂಟಿಸಿದ್ದೀರಿ. ನನ್ನ ಮಾತಿಗೆ ಇಷ್ಟು ಬೆಲೆ ನಮ್ಮ ಮನೆಯಲ್ಲೂ ಯಾರೂ ಕೊಟ್ಟಿಲ್ಲ ಸ್ವಾಮಿ!

ನಡೆದದ್ದು ಇಷ್ಟು. ಅಕ್ಕ ಒಂಬತ್ತು ವರ್ಷ ಬಲಗಡೆಯಿಂದ ಓಡಿ ಬಂದು ಎಡಗಾಲಲ್ಲಿ ಚಿಮ್ಮುತ್ತಿದ್ದಳು. ಈ ವರ್ಷ ಎಡ ಹಿಮ್ಮಡಿಯ ನರ ಕೈಕೊಟ್ಟಿತು. ಡಾಕ್ಟರು "ಇನ್ನು ಆ ಕಾಲಲ್ಲಿ ಚಿಮ್ಮಿದರೆ ನಡೆಯೋದೂ ಕಷ್ಟ" ಅಂದರು. ಅಕ್ಕ ಎಡಗಡೆಯಿಂದ ಓಡಿ ಬಂದು ಬಲಗಾಲಲ್ಲಿ ಚಿಮ್ಮುವುದನ್ನು ಮೊದಲಿನಿಂದ ಕಲಿಯಲು ಕೂತಳು. ಹೊಸ ಕಡೆಯಿಂದ ಹಾರಿದ ಮೊದಲ ಸ್ಪರ್ಧೆಯಲ್ಲಿ ಬರೀ ಒಂದು ಮೀಟರ್ ಐವತ್ತೆರಡು. ನಾನು ಅವತ್ತೇ, ನಾನೇ ಅಡ್ಮಿನ್ ಆಗಿರುವ ಅಕ್ಕನ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಅಕ್ಕ ಕಾಮಿಡಿ ಪೀಸ್ ಆಗ್ಬಿಟ್ಳು. ಹಳೇ ಕಡೆಗೆ ಬರದಿದ್ರೆ ನಾನು ಫ್ಯಾನೇ ಅಲ್ಲ." ನಲವತ್ತು ಜನ ನಗುವ ಮುಖ ಹಾಕಿದರು. ನನಗೆ ಅದೇ ಪದಕ.

ಮರುದಿನ ಮೈದಾನಕ್ಕೂ ಹೋದೆ.

"ಅಕ್ಕಾ, ಬಲಗಡೆಯಿಂದಲೇ ಓಡು, ಪ್ಲೀಸ್."

"ಕಾಲು ನಿಂದೋ, ನಂದೋ?"

"ಆದ್ರೂ ನೋಡೋಕೆ ಬೇಜಾರಾಗುತ್ತೆ ಕಣಕ್ಕಾ."

"ನಂಗೆ ಖುಷಿ ಅಂದ್ಕೊಂಡ್ಯಾ? ಕಣ್ಣು ಮುಚ್ಚಿದ್ರೂ ಬರ್ತಿದ್ದಿದ್ದನ್ನ ಮರೀಬೇಕು. ರಾತ್ರಿ ಕನಸಲ್ಲೂ ಎಡಗಾಲೇ ಮುಂದೆ ಹೋಗುತ್ತೆ."

ಪಕ್ಕದಲ್ಲಿ ಜಿಗಿತದ ಅಡ್ಡಕೋಲು ಇಡುತ್ತಿದ್ದ ಅಕ್ಕನ ತರಬೇತಿ ಮೇಷ್ಟ್ರು, "ಏಯ್ ಅಡ್ಮಿನ್, ನೀನೊಂದ್ ಸಲ ಹಾರೋ. ಮೊಣಕಾಲೆತ್ತರಕ್ಕೆ ಇಡ್ತೀನಿ, ಹೆದರಬೇಡ" ಅಂದರು. ನಾನು ಬಾಲ ಮುದುರಿಕೊಂಡು ಬಂದೆ.

ಆಮೇಲೆ ಏನಾಯಿತು? ಅರವತ್ತು. ಅರವತ್ತಾರು. ಕಳೆದ ತಿಂಗಳು ಒಂದು ಮೀಟರ್ ಎಪ್ಪತ್ತಮೂರು, ಹಳೇ ಕಡೆಯಿಂದ ಎಂದೂ ಹಾರದಷ್ಟು! ಆದರೆ ನಿಮ್ಮ ಹೊಸ ನಿಯಮದ ಪ್ರಕಾರ ಒಂದೇ ವರ್ಷದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಜಿಗಿತದ ನಡುವೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಆಟಗಾರ್ತಿ "ಅಸ್ಥಿರ". ಅಂದರೆ ಅಕ್ಕ ಸುಧಾರಿಸಿದಷ್ಟೂ ನಿಮ್ಮ ಲೆಕ್ಕದಲ್ಲಿ ಕೆಟ್ಟಳು. ವರ್ಷವಿಡೀ ಅರವತ್ತೆರಡಕ್ಕೇ ನಿಂತವರು ಪಟ್ಟಿಯಲ್ಲಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇದು ಎತ್ತರ ಜಿಗಿತವೋ, ಇದ್ದಲ್ಲೇ ಇರುವ ಸ್ಪರ್ಧೆಯೋ?

ಸ್ಥಿರತೆ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಗುಂಪಿನಲ್ಲೊಬ್ಬ ವರ್ಷಕ್ಕೆ ನಾಲ್ಕು ಆಟ ಬದಲಿಸಿ ಈಗ ಶೂ ಮಾರಲು ಇಟ್ಟಿದ್ದಾನೆ. ಗಾಳಿ ಬಂದಾಗಲೆಲ್ಲ ತೂರಿಕೊಳ್ಳುವವರು ಬೇರೆ. ಅಕ್ಕ ಒಂಬತ್ತು ವರ್ಷದಿಂದ ಬೆಳಗ್ಗೆ ಐದೂವರೆಗೆ ಮೈದಾನದಲ್ಲಿರುತ್ತಾಳೆ. ಹಿಮ್ಮಡಿಗೆ ಪಟ್ಟಿ ಸುತ್ತಿಕೊಂಡಿದ್ದ ದಿನಗಳಲ್ಲೂ ಬಂದು ಹೆಜ್ಜೆ ಎಣಿಸುತ್ತಿದ್ದಳು. ಅದನ್ನು ಬರೆದುಕೊಳ್ಳಲು ನಿಮ್ಮ ಫಾರಂನಲ್ಲಿ ಜಾಗವೇ ಇಲ್ಲವೇ? ಇನ್ನು ನಿಮ್ಮ ಸ್ಥಿರತೆಯ ಮಾತು: ಒಂದೇ ವರ್ಷದಲ್ಲಿ ಆಯ್ಕೆಯ ನಿಯಮ ಮೂರು ಸಲ ಬದಲಾಯಿತು. ನೀವು ಬದಲಿಸಿದರೆ ಸುಧಾರಣೆ, ಅವಳು ಬದಲಿಸಿದರೆ ಅಪರಾಧ. ಕೇಳಿದರೆ, ನೀವು ಹಿಡಿದ ಮೊಲಕ್ಕೆ ಮೂರೇ ಕಾಲು.

ನನಗೆ ಈ ವಾರ ನಿದ್ದೆ ಸರಿಯಾಗಿ ಬಂದಿಲ್ಲ. ಅಕ್ಕನಿಗೆ ಇಪ್ಪತ್ತೆಂಟು. ಮುಂದಿನ ಕೂಟ ನಾಲ್ಕು ವರ್ಷಕ್ಕೆ. ಸ್ಕ್ರೀನ್‌ಶಾಟ್ ನೋಡಿ ಅವಳು ನನಗೆ ಬೈಯಲೂ ಇಲ್ಲ, "ಓದಿದೆ" ಎಂದಷ್ಟೇ ಕಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಪಟ್ಟಿ ಶನಿವಾರ ಮುಚ್ಚುತ್ತದೆ. ಶುಕ್ರವಾರ ಬೆಳಗ್ಗೆ ಮೈದಾನಕ್ಕೆ ಬನ್ನಿ. ಕೋಲು ನೀವೇ ಇಡಿ, ಟೇಪು ನೀವೇ ಹಿಡಿಯಿರಿ. ಅವಳು ಒಂದು ಮೀಟರ್ ಎಪ್ಪತ್ತು ದಾಟಿದರೆ ಹೆಸರು ಸೇರಿಸಿ. ನಾನು ಇನ್ನೂರು ಜನರ ಗುಂಪಿನಲ್ಲಿ "ನನ್ನದು ತಪ್ಪಾಯಿತು" ಎಂದು ಬರೆದೆ. ಅರ್ಧ ದಿನ ಕಾಲೆಳೆದರು, ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಒಂದು ಸಾಲು ತಿದ್ದುವುದಕ್ಕೆ ನಿಮಗೇನು ಅಡ್ಡಿ, ಎಲ್ಲರೆದುರು ಹೇಳುತ್ತೀರಾ?

ಇಂತಿ,
ಮೊದಲು ಟೈಪು ಮಾಡಿ ಆಮೇಲೆ ಯೋಚಿಸಿದ,
ಅಕ್ಕನ ಅಭಿಮಾನಿಯೆಂದು ಹೇಳಿಕೊಳ್ಳಲು ಈಗ ನಾಚುವ ಅಡ್ಮಿನ್