ಆಯುಧಪೂಜೆಯ ಬಣ್ಣ

7 ಅಕ್ಟೋಬರ್ 2025, ಮಂಗಳವಾರ

ನಾಳೆ ಬೆಳಿಗ್ಗೆ ಆರಕ್ಕೇ ಅವ್ವನನ್ನು ಡಯಾಲಿಸಿಸ್‌ಗೆ ಚಾಮರಾಜನಗರಕ್ಕೆ ಕರೆದೊಯ್ಯಬೇಕು. ಸಂಜೆಯವರೆಗೂ ಕಾರು ಸ್ಟಾರ್ಟ್ ಆಗಿರಲಿಲ್ಲ. ಎಂಜಿನ್ ಬಿಸಿಗೆ ಕೆಡುತ್ತದೆಂದು ಭಾನುವಾರ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದವನು ನಾನೇ. ಆಮೇಲೆ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಹೊಸ ಬ್ಯಾಟರಿ ಹಾಕಿದರೂ ಅದೇ ಹಾಡು.

ಕೊನೆಗೆ ಪಕ್ಕದ ಬೀದಿಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ದೊಡ್ಡಮಲ್ಲಮ್ಮನವರನ್ನು ಕರೆದೆ. ಮೀಟರ್ ಕೂಡ ತರಲಿಲ್ಲ. ನನಗೆ ಕೀ ತಿರುಗಿಸಲು ಹೇಳಿ, ಬ್ಯಾಟರಿಯಿಂದ ಡಿಕ್ಕಿಯ ತಗಡಿಗೆ ಬಿಗಿದಿದ್ದ ಅರ್ಥ್ ವೈರಿನ ಬೋಲ್ಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಸುಡ್ತಾ ಅದೆ ಕಣಪ್ಪ ಮಲ್ಲೇಶ. ಬಣ್ಣದ ಮೇಲೇ ಬಿಗಿದ್ಬುಟ್ಟಿದ್ದೀಯಲ್ಲ, ಕರೆಂಟ್ ಎಂಗೆ ಓಯ್ತದೆ?"

"ಆಯುಧಪೂಜೆಗೆ ಹೊಡೆಸಿದ ಬಣ್ಣ ಕಣಕ್ಕ. ಕೆರೆಯಕ್ಕೆ ಮನಸ್ ಬರ್ನಿಲ್ಲ."

"ಪೂಜೆ ಮಾಡದು ಬಣ್ಣಕ್ಕಲ್ಲ ಕಣಪ್ಪ, ಕಬ್ಬಿಣಕ್ಕೆ."

ರೂಪಾಯಿಯಗಲ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಕಬ್ಬಿಣ ಹೊಳೆದ ಮೇಲೆ ಬೋಲ್ಟ್ ಬಿಗಿದರು. ಒಂದೇ ಏಟಿಗೆ ಸ್ಟಾರ್ಟ್. ಜಗುಲಿಯಲ್ಲಿ ಕೂತಿದ್ದ ಅವ್ವ ಅವರಿಗೆ ಕೈಮುಗಿದಳು. ಆ ಬೆರಳು ಇನ್ನೂ ಕಣ್ಣ ಮುಂದಿದೆ.

ಬದನಗುಪ್ಪೆಯ ಕಾರ್ಖಾನೆಯಲ್ಲಿ ನನ್ನ ಅಂಗಿಯ ಮೇಲೆ ಎಲೆಕ್ಟ್ರಿಷಿಯನ್ ಎಂದು ಬರೆದಿದೆ. ದೊಡ್ಡಮಲ್ಲಮ್ಮನವರ ಅಂಗಡಿಗೆ ಬೋರ್ಡೂ ಇಲ್ಲ.